ಸಹಾಯ ಬೇಕು: ಪೇಪರ್ ಪಲ್ಪ್ ಕೊಕ್ಕರೆಯ ಕಾಲಿನ ಬುಡ ಬಿರುಕು ಬಿಡ್ತಿದೆ

ಒಂದೂವರೆ ಅಡಿ ಎತ್ತರದ ಕೊಕ್ಕರೆ. ಒಳಗೆ 2 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ, ಹೊಟ್ಟೆಗೆ ನ್ಯೂಸ್‌ಪೇಪರ್ ಉಂಡೆ, ಮೇಲೆ ಮಾಸ್ಕಿಂಗ್ ಟೇಪ್. ಪಲ್ಪ್‌ಗೆ ನೆನೆಸಿ ರುಬ್ಬಿ ಹಿಂಡಿದ ಪೇಪರ್ 2 ಕಪ್, ಫೆವಿಕಾಲ್ ಅರ್ಧ ಕಪ್, ಚಾಕ್ ಪುಡಿ 1 ಕಪ್.

ಹೊಟ್ಟೆ, ಕತ್ತು ಚೆನ್ನಾಗೇ ಒಣಗಿವೆ. ತೊಂದರೆ ಇರೋದು ಕಾಲು ಹೊಟ್ಟೆಗೆ ಸೇರೋ ಜಾಗದಲ್ಲಿ ಮಾತ್ರ. ಒಣಗ್ತಾ ಪಲ್ಪ್ ಕುಗ್ಗತ್ತೆ, ತಂತಿ ಕುಗ್ಗಲ್ಲ. ಸುತ್ತಲೂ ಬಳೆ ಥರ ಬಿರುಕು ಬೀಳತ್ತೆ, ಉಗುರು ತಾಗಿಸಿದ್ರೆ ಸಿಪ್ಪೆಯಾಗಿ ಎದ್ದು ಬರತ್ತೆ.

3 ಮಿ.ಮೀ. ಪದರಗಳಾಗಿ ಹಾಕಿ ನೆರಳಲ್ಲೇ ಒಣಗಿಸಿದ್ದಾಯ್ತು. ಬಿರುಕಿಗೆ ಅದೇ ಪಲ್ಪ್ ತುಂಬಿದ್ರೆ ಪಕ್ಕದಲ್ಲೇ ಹೊಸ ಗೆರೆ. ಚಾಕ್ ಪುಡಿ ಜಾಸ್ತಿ ಮಾಡಿದ್ರೆ ಕುಗ್ಗೋದು ಕಮ್ಮಿ ಆಗತ್ತೆ ನಿಜ, ಆದ್ರೆ ಅಂಚು ಪುಡಿಪುಡಿಯಾಗಿ ಉದುರತ್ತೆ. (ಎಂ-ಸೀಲ್ ಅನ್ನೋ ಎಪಾಕ್ಸಿ ಪುಟ್ಟಿ ಹಾಕಿ ಅಂತ ಮಾತ್ರ ಹೇಳಬೇಡಿ, ಮೇಲೆ ಬಣ್ಣ ಬೇರೆಯಾಗೇ ಕಾಣತ್ತೆ.)

ತಂತಿಗೆ ಸೆಣಬಿನ ದಾರ ಒತ್ತಾಗಿ ಸುತ್ತಿ, ಫೆವಿಕಾಲ್ ಬಳಿದು ಆಮೇಲೆ ಪಲ್ಪ್ ಹಾಕಿ ಅಂತಾರೆ ಕೆಲವರು. ಆ ಜಾಗಕ್ಕೆ ಪಲ್ಪೇ ಬೇಡ, ಬ್ಯಾಂಡೇಜ್ ಬಟ್ಟೆಯ ಪಟ್ಟಿ ಅಂಟಿಸಿ ಅಂತಾರೆ ಇನ್ನು ಕೆಲವರು. ಇಡೀ ಭಾರ ಕಾಲಿನ ಎರಡು ತಂತಿ ಮೇಲೇ ನಿಲ್ಲಬೇಕು. ದಾರ, ಪಟ್ಟಿ ಎರಡರಲ್ಲಿ ಯಾವುದು ಅಲುಗಾಟ ತಡೆಯತ್ತೆ? ಹಳೇ ಪಲ್ಪನ್ನ ತಂತಿ ಕಾಣೋವರೆಗೂ ಕೆರೆದು ತೆಗೀಬೇಕಾ, ಅಥವಾ ಅದರ ಮೇಲೇ ಪಟ್ಟಿ ಸುತ್ತಬಹುದಾ?