ವೈದ್ಯಕೀಯ ಓದುವವರಿಗೆ ಹಣ ಕೊಡಬೇಕು: ದತ್ತಿನಿಧಿಯೋ, ನೇರ ನೆರವೋ?

ಕೇಳಿದ್ದು: ನಾವು ಮೂವರು ಅಕ್ಕತಂಗಿಯರು ಸೇರಿ ಅಮ್ಮನ ಹೆಸರಲ್ಲಿ ವೈದ್ಯಕೀಯ ಓದುವವರಿಗೆ ನೆರವಾಗಬೇಕು ಅಂದುಕೊಂಡಿದ್ದೇವೆ. ದೊಡ್ಡ ಮೊತ್ತವೇನಲ್ಲ. ಕಾಲೇಜಿನಲ್ಲಿ ದತ್ತಿನಿಧಿ ಇಡುವುದು ಒಳ್ಳೆಯದೋ, ಯಾರಾದರೂ ಒಬ್ಬರ ಫೀಸು ಕಟ್ಟುವುದೋ? ಕೊಟ್ಟವರೂ ಪಡೆದವರೂ ಹೇಳಿ.

ಕೊಟ್ಟವರೊಬ್ಬರು: ಮೇಡಂ, ನಮ್ಮ ಕುಟುಂಬ ಎರಡನ್ನೂ ಮಾಡಿದೆ. ದತ್ತಿನಿಧಿಯಲ್ಲಿ ಅಸಲು ಮುಟ್ಟುವ ಹಾಗಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ನಿಧಿಯ ಶೇ. 4–5ರಷ್ಟನ್ನು ಮಾತ್ರ ಖರ್ಚಿಗೆ ಬಿಡುತ್ತಾರೆ. ಅಂದರೆ ಒಬ್ಬರ ವರ್ಷದ ಫೀಸು ಪೂರ್ತಿ ಹೊರಬೇಕಾದರೆ ಅದರ 20–25 ಪಟ್ಟು ಹಣ ನಿಧಿಯಲ್ಲಿರಬೇಕು. ಫೀಸು ಏರಿದರೆ ಅದೂ ಸಾಲದು. ಹಾಗಾಗಿ ಸಣ್ಣ ನಿಧಿ ಎಷ್ಟೋ ಕಡೆ ಪದವಿ ಪ್ರದಾನದ ದಿನದ ಪದಕವಾಗಿ ಉಳಿದುಬಿಡುತ್ತದೆ. ಪದಕ ಸಿಗುವುದು ಓದು ಮುಗಿದ ಮೇಲೆ, ಹಣ ಬೇಕಿದ್ದದ್ದು ಅದಕ್ಕೂ ಮುಂಚೆ.

ನನ್ನ ಮಟ್ಟಿಗೆ, ಮೊತ್ತ ಚಿಕ್ಕದಿದ್ದರೆ ಒಬ್ಬರನ್ನೇ ಹಿಡಿದು ಕೊನೆಯವರೆಗೆ ಓದಿಸುವುದೇ ಸರಿ. ಆದರೆ ಕೋರ್ಸು ಮುಗಿಯುವಷ್ಟು ಹಣವನ್ನು ಮೊದಲೇ ತೆಗೆದಿಟ್ಟು ಶುರುಮಾಡಿ. ಎರಡನೇ ವರ್ಷಕ್ಕೆ ಕೈಬಿಟ್ಟರೆ ಆ ಹುಡುಗಿಗೆ ಹಿಂದೆ ಹೋಗಲೂ ಆಗದು, ಮುಂದೆ ಹೋಗಲೂ ಆಗದು. ಹಣ ಕಾಲೇಜಿನ ಮೂಲಕವೇ ಹೋಗಲಿ, ಆಯ್ಕೆಯೂ ಅವರದೇ ಇರಲಿ.

ಪಡೆದವರೊಬ್ಬರು: ನಾನು ಓದಿದ್ದು ಇಂಥ ನೆರವಿನಲ್ಲೇ, ಈಗ ವೈದ್ಯೆ. ಫೀಸು ಕಟ್ಟುವ ದಾನಿಗಳು ಸಿಗುತ್ತಾರೆ. ಹಾಸ್ಟೆಲ್, ಊಟ, ಪುಸ್ತಕ, ಪರೀಕ್ಷಾ ಶುಲ್ಕ, ಸಂದರ್ಶನಕ್ಕೆ ಓಡಾಡುವ ಖರ್ಚು, ಇವನ್ನು ಕೇಳುವವರೇ ಇಲ್ಲ. ನಮ್ಮಲ್ಲಿ ಬಹಳ ಜನ ಕಷ್ಟಪಟ್ಟದ್ದು ಅಲ್ಲೇ. ರಾತ್ರಿ ಕೆಲಸ ಮಾಡಿ ಬೆಳಗ್ಗೆ ಅಂಗರಚನಾಶಾಸ್ತ್ರದ ತರಗತಿಯಲ್ಲಿ ಕೂತರೆ ಏನು ತಲೆಗೆ ಹತ್ತುತ್ತದೆ? ಸಣ್ಣ ಮೊತ್ತಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. "ಎಲ್ಲ ವಿಷಯಗಳಲ್ಲೂ ಮೊದಲ ಸಲವೇ ಪಾಸಾಗಬೇಕು" ಅನ್ನುವ ಷರತ್ತು ಹಾಕಬೇಡಿ. ಮೊದಲ ವರ್ಷ ಎಡವುವವರಲ್ಲಿ ಕಾಯಿಲೆ ಬಿದ್ದವರು, ಮನೆಯಲ್ಲಿ ಸಾವು ಕಂಡವರು, ಭಾಷೆಗೆ ಹೊಂದಿಕೊಳ್ಳುತ್ತಿರುವವರು ಇರುತ್ತಾರೆ. ನೆರವು ಅತಿ ಹೆಚ್ಚು ಬೇಕಾದ ವರ್ಷದಲ್ಲೇ ಅದು ನಿಂತುಹೋಗುತ್ತದೆ. ಒಂದು ವಿಷಯ ಹೋದರೂ ಮುಂದುವರಿಯುತ್ತದೆ ಎಂದು ಒಪ್ಪಂದದಲ್ಲೇ ಇರಲಿ. ವೇದಿಕೆಗೆ ಕರೆದು ಬಡತನದ ಕಥೆ ಹೇಳಿಸುವುದೂ ಬೇಡ. ಕೊಟ್ಟವರ ಬಗ್ಗೆ ಪಡೆದವರಿಗೆ ಕೃತಜ್ಞತೆ ಇದ್ದೇ ಇರುತ್ತದೆ.

ಕಾಲೇಜಿನ ಕಚೇರಿಯಲ್ಲಿದ್ದವರು: ಷರತ್ತು ಎಂದರೆ ಕೆಟ್ಟದ್ದೇ ಅಂತಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ 1893ರಲ್ಲಿ ತೆರೆಯುವ ಮುನ್ನ ಹಣ ಸಾಲದೆ ನಿಂತಿದ್ದ ಕೆಲಸಕ್ಕೆ ಹಣ ಕೊಟ್ಟವರು ಮೇರಿ ಎಲಿಜಬೆತ್ ಗ್ಯಾರೆಟ್. ಗಂಡಸರಿಗಿರುವ ನಿಯಮದಲ್ಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕು ಎಂಬುದು ಅವರ ಷರತ್ತು. ಮೊದಲ ತಂಡದ 18 ಮಂದಿಯಲ್ಲಿ 3 ಹೆಣ್ಣುಮಕ್ಕಳು ಬಂದದ್ದು ಅದರಿಂದ. 2024ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ ರೂತ್ ಗಾಟ್ಸ್‌ಮನ್ 100 ಕೋಟಿ ಡಾಲರ್ ಕೊಟ್ಟು ಬೋಧನಾ ಶುಲ್ಕವನ್ನೇ ತೆಗೆಸಿದರು; ಕಾಲೇಜಿನ ಹೆಸರು ಬದಲಾಗಬಾರದು ಎಂದೂ ಕೇಳಿಕೊಂಡರು. ಬಾಗಿಲು ತೆರೆಯುವ ಷರತ್ತು ಹಾಕಿ, ಮುಚ್ಚುವುದನ್ನಲ್ಲ.

ಒಪ್ಪಂದದಲ್ಲಿ ಎರಡು ಸಾಲು ಮರೆಯಬೇಡಿ: ಆ ಕೋರ್ಸೇ ನಿಂತುಹೋದರೆ ಹಣ ಯಾವುದಕ್ಕೆ ಹೋಗಬೇಕು, ವರ್ಷಕ್ಕೊಮ್ಮೆ ಯಾರಿಗೆ ಎಷ್ಟು ಸಂದಿತು ಎಂಬ ಲೆಕ್ಕವನ್ನು ನಿಮಗೆ ಯಾರು ಕಳಿಸಬೇಕು.

ಇನ್ನೊಬ್ಬರು: ಹಣವಿಲ್ಲದವರೂ ಈ ಓದಿಗೆ ಕೊಡಬಹುದು ಮೇಡಂ. ನಮ್ಮ ತಂದೆ ದೇಹದಾನ ಮಾಡಿದರು. ಬದುಕಿದ್ದಾಗಲೇ ನೋಂದಾಯಿಸಿ ಮನೆಯವರಿಗೆಲ್ಲ ತಿಳಿಸಿರಬೇಕು. ಮರಣೋತ್ತರ ಪರೀಕ್ಷೆ ಆಗಿದ್ದರೆ, ಕೆಲವು ಸೋಂಕುಗಳಿದ್ದರೆ ಕಾಲೇಜು ಒಪ್ಪದೆ ಇರಬಹುದು, ಆದ್ದರಿಂದ ಅಂತ್ಯಕ್ರಿಯೆಯ ಬೇರೆ ವ್ಯವಸ್ಥೆಯನ್ನೂ ಯೋಚಿಸಿಟ್ಟಿರಿ.