ಪದ ಬೇಕಿತ್ತು: ‘ಅಲೊಕೇಶನ್’ಗೂ ‘ಹಂಚಿಕೆ’, ‘ಅಸೈನ್‌ಮೆಂಟ್’ಗೂ ‘ಹಂಚಿಕೆ’ ಆಗಬಹುದಾ?

ಅನುವಾದಕಿ, ಹಾಸನ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿ ಕೇಳುತ್ತಿದ್ದೇನೆ. ಕೇಬಲ್ ಟೀವಿ ನಡೆಸುತ್ತಿದ್ದವರು ಈಗ ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದಾರಲ್ಲ, ಅವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಐಪಿ ವಿಳಾಸ (ಇಂಟರ್ನೆಟ್ಟಿಗೆ ಸೇರುವ ಸಾಧನವನ್ನು ಗುರುತಿಸುವ ಸಂಖ್ಯೆ) ಎಲ್ಲಿಂದ ಪಡೆಯಬೇಕು, ಹೇಗೆ ಲೆಕ್ಕ ಇಡಬೇಕು ಅನ್ನುವ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದೇನೆ. ‘ಅಲೊಕೇಶನ್’, ‘ಅಸೈನ್‌ಮೆಂಟ್’ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಎರಡಕ್ಕೂ ‘ಹಂಚಿಕೆ’ ಹಾಕಿದ್ದೆ. ಕರಡು ನೋಡಿದವರು ಕೆಂಪು ಪೆನ್ನಲ್ಲಿ ‘ಎರಡೂ ಒಂದಲ್ಲ’ ಅಂತ ಬರೆದು ಕಳಿಸಿದ್ದಾರೆ. ಏನು ವ್ಯತ್ಯಾಸ ಅಂತ ಬರೆದಿಲ್ಲ.

ಇನ್ನೊಂದು, ‘ಅಡ್ರೆಸ್ ಪೂಲ್’, ಅಂದರೆ ಕೊಡಲು ಇಟ್ಟುಕೊಂಡ ವಿಳಾಸಗಳ ಸಂಗ್ರಹ. ಹಳೇ ಅನುವಾದದಲ್ಲಿ ‘ವಿಳಾಸ ಕೊಳ’ ಅಂತಿದೆ. ಓದಿದರೆ ಈಜಲು ಹೋಗಬೇಕೇನೋ ಅನ್ನಿಸುತ್ತದೆ. ಸೋಮವಾರ ಪ್ರೆಸ್ಸಿಗೆ ಕೊಡಬೇಕು. ದಯವಿಟ್ಟು ಪದ ಕೊಡಿ.

ಶಿವಮೊಗ್ಗದಿಂದ:

ಕೊಳ ತೆಗೆಯಿರಿ, ಕಣಜ ಅನ್ನಿ. ತುಂಬುವುದೂ ಗೊತ್ತು, ಬರಿದಾಗುವುದೂ ಗೊತ್ತು.

‘ಹಂಚು’ ಬಿಡಬೇಡಿ. ಹಳಗನ್ನಡದ ಪಂಚು ಅದು. ತೆಲುಗಿನಲ್ಲಿ ಇವತ್ತಿಗೂ ಪಂಚು. ತಮಿಳಿನ ಪಂಗು ಇದರ ನೆಂಟ. ‘ನಿಯೋಜನೆ’ ಮಾತ್ರ ತರಬೇಡಿ. ಅದು ಮೇಷ್ಟ್ರನ್ನು ಚುನಾವಣಾ ಡ್ಯೂಟಿಗೆ ಹಾಕುವ ಪದ. ಹಾಗೆ ನೋಡಿದರೆ ‘ವಿಳಾಸ’ವೇ ಸರಿಯಿಲ್ಲ. ಸಂಸ್ಕೃತದಲ್ಲಿ ವಿಲಾಸ ಅಂದರೆ ಬೆಡಗು, ಬಿನ್ನಾಣ. ಅದು ತೆಂಕಣ ನುಡಿಗಳಿಗೆ ಬಂದು ಮನೆ ನಂಬರಾಯಿತು. ‘ನೆಲೆ’ ಅಂದರೆ ಸಾಕು.

ಮೈಸೂರಿನಿಂದ:

ನೆಲೆಯಂತೆ! ಕೊರಿಯರ್ ಹುಡುಗನಿಗೆ ಫೋನಿನಲ್ಲಿ ‘ನನ್ನ ನೆಲೆ ಬರೆದುಕೋ’ ಅಂದು ನೋಡಿ. ಲಕಾರ ಳಕಾರವಾದ ದಿನವೇ ವಿಳಾಸ ನಮ್ಮದಾಯಿತು. ಅಲ್ಲದೆ ಅವರು ಕೇಳಿದ್ದು ವಿಳಾಸದ ಬಗ್ಗೆ ಅಲ್ಲ.

ತುಮಕೂರಿನಿಂದ (ಕಂದಾಯ ಇಲಾಖೆ, ನಿವೃತ್ತ):

ಮೇಡಂ, ನಮ್ಮ ಇಲಾಖೆಯಲ್ಲಿ ಇದಕ್ಕೆ ಪದ ಇದೆ. ಮೇಲಿನಿಂದ ಬರುವುದು ‘ಮಂಜೂರು’. ಆಮೇಲೆ ಹೆಸರಿಗೆ ಹತ್ತಿಸುವುದು ‘ಖಾತೆ’. ದರಖಾಸ್ತು ಹಾಕಿದವರಿಗೆಲ್ಲ ಇದು ಗೊತ್ತು. ಕೇಬಲ್‌ನವರಿಗೂ ಗೊತ್ತಾಗುತ್ತದೆ.

ಮಂಗಳೂರಿನಿಂದ:

ನಾನು ಇದೇ ಕೆಲಸ ಮಾಡುವವನು. ಸ್ವಲ್ಪ ಉದ್ದವಾಗುತ್ತದೆ, ಬೇಸರ ಬೇಡ.

ಅಲೊಕೇಶನ್ ಅಂದರೆ ಮುಂದೆ ಬೇರೆಯವರಿಗೆ ಕೊಡಲಿಕ್ಕಾಗಿ ಸಿಕ್ಕಿದ್ದು. ಅಸೈನ್‌ಮೆಂಟ್ ಅಂದರೆ ಬಳಸುವವರ ಕೈಗೇ ಹೋದದ್ದು. ನ್ಯಾಯಬೆಲೆ ಅಂಗಡಿ ನೆನೆಸಿಕೊಳ್ಳಿ. ಗೋದಾಮಿನಿಂದ ಬಂದ ಅಕ್ಕಿ ಅಂಗಡಿಯವನ ಊಟಕ್ಕಲ್ಲ. ಕಾರ್ಡಿನವರ ಚೀಲಕ್ಕೆ ಬಿದ್ದ ಮೇಲೆ ಅದರ ಲೆಕ್ಕವೇ ಬೇರೆ. ವಿಳಾಸಗಳ ಮಟ್ಟಿಗೆ ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ದೊಡ್ಡ ಗೋದಾಮು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಭಾರತದಲ್ಲಿ ಅದರ ಕೆಳಗೆ ವಿಳಾಸ ಕೊಡುವ ಇರಿನ್ ಇದೆ, ನಡೆಸುವುದು ನಿಕ್ಸಿ ಸಂಸ್ಥೆ. 2012ರಿಂದ ಅಲ್ಲೇ ಅರ್ಜಿ ಹಾಕಬಹುದು. ಕೇಬಲ್‌ನವರು ಅಂಗಡಿ. ಯಾರಿಗೆ ಎಷ್ಟು ಕೊಟ್ಟೆ ಅಂತ ಪುಸ್ತಕ ತೋರಿಸಬೇಕಾದವರು ಅವರೇ. ಎರಡಕ್ಕೂ ಒಂದೇ ಪದ ಹಾಕಿದರೆ ಈ ಹೊಣೆ ಯಾರದ್ದು ಅನ್ನುವುದೇ ಮಾಯವಾಗುತ್ತದೆ.

ಅಕ್ಕಿಯೂ ಕಡಿಮೆ ಮಾರಾಯ್ರೆ. ಐಪಿವಿ4 ಅನ್ನುವ ಹಳೇ ವಿಳಾಸ ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸ. ಮೊದಲು ಬಂದವರು ಮೊಗೆದುಕೊಂಡು ಹೋದರು. ಅಮೆರಿಕದ ಫೋರ್ಡ್ ಕಾರು ಕಂಪನಿಗೆ, ಅಲ್ಲಿನದೇ ಎಂಐಟಿ ವಿಶ್ವವಿದ್ಯಾಲಯಕ್ಕೆ ತಲಾ 1 ಕೋಟಿ 67 ಲಕ್ಷ ಸಿಕ್ಕಿತ್ತು. 2011ರ ಫೆಬ್ರವರಿ 3ಕ್ಕೆ ಜಗತ್ತಿನ ಕಣಜ ಬರಿದು (ಕಣಜ ಪದ ನನಗೆ ಒಪ್ಪಿಗೆ). ಏಪ್ರಿಲ್ 15ಕ್ಕೆ ಎಪಿನಿಕ್‌ನ ಕಣಜವೂ ತಳ ಕಂಡಿತು. ತಳದಲ್ಲಿ ಉಳಿದದ್ದರಿಂದ ಒಬ್ಬೊಬ್ಬರಿಗೆ ಹೆಚ್ಚೆಂದರೆ 1,024. 2019ರಿಂದ ಅದೂ 512 ಆಯಿತು. ಐದು ಸಾವಿರ ಮನೆಗೆ ಇಂಟರ್ನೆಟ್ ಕೊಡುವವರಿಗೆ 512!

ಹಾಗಾಗಿ ಒಂದೇ ವಿಳಾಸದ ಹಿಂದೆ ಹತ್ತಾರು ಮನೆ ಕೂರಿಸುತ್ತೇವೆ. ಹಳೇ ಬೆಂಗಳೂರಿನ ವಠಾರದ ಹಾಗೆ. ಹೊರಗೆ ಒಂದೇ ಡೋರ್ ನಂಬರು, ಒಳಗೆ ಹನ್ನೆರಡು ಸಂಸಾರ. ಒಬ್ಬ ಕಿಡಿಗೇಡಿತನ ಮಾಡಿದರೆ ಯಾವುದೋ ಜಾಲತಾಣ ಇಡೀ ವಠಾರಕ್ಕೇ ಬಾಗಿಲು ಹಾಕುತ್ತದೆ. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಈ ಕಾಟ ಇಲ್ಲ. ಅಲ್ಲಿ ವಿಳಾಸಗಳ ಸಂಖ್ಯೆ ಬರೆದರೆ 39 ಅಂಕಿ. ತಡವಾಗಿ ಪಂಕ್ತಿಗೆ ಕೂತವರಿಗೆ ಹಳೇ ಪಾತ್ರೆಯಲ್ಲಿ ಏನೂ ಇರಲಿಲ್ಲ, ಬೇರೆ ಒಲೆ ಹೂಡಲೇಬೇಕಾಯಿತು. 2016ರಲ್ಲಿ ಬಂದ ಜಿಯೋ ಮೊದಲಿಂದಲೇ ಐಪಿವಿ6 ಹಿಡಿದದ್ದು ಸುಮ್ನೆ ಅಲ್ಲ.

ಅನುವಾದಕಿ:

ಈಗ ಅರ್ಥವಾಯಿತು ಸಾರ್, ತುಂಬಾ ಉಪಕಾರ. ಹಾಗಾದರೆ ‘ಪಾಲು’ ಮತ್ತು ‘ನಿಗದಿ’ ಹೇಗೆ? ‘ನಿಮ್ಮ ಪಾಲಿಗೆ ಬಂದ ವಿಳಾಸಗಳನ್ನು ಗ್ರಾಹಕರಿಗೆ ನಿಗದಿ ಮಾಡಿ.’

ಮಂಗಳೂರಿನಿಂದ:

ನಿಗದಿ ಸರಿ. ಪಾಲು ಬೇಡ. ಪಾಲು ಅಂದ ಕೂಡಲೇ ಅಣ್ಣತಮ್ಮಂದಿರು, ಕೋರ್ಟು. ಈ ವಿಳಾಸಗಳು ಯಾರ ಸೊತ್ತೂ ಅಲ್ಲ ಅನ್ನುವುದೇ ಎಪಿನಿಕ್ ನಿಯಮದ ತಿರುಳು. ಬಳಸುತ್ತಿರುವಷ್ಟು ಕಾಲ ನಿಮ್ಮ ಹತ್ತಿರ ಇರುತ್ತವೆ, ಅಷ್ಟೇ. ಅದೇ ಕಾರಣಕ್ಕೆ ಖಾತೆಯೂ ಬೇಡ.

ತುಮಕೂರಿನಿಂದ:

ಖಾತೆ ಮಾಲೀಕತ್ವದ ಪತ್ರ ಅಂತ ನಿಮಗೆ ಯಾರು ಹೇಳಿದರು? ಕಂದಾಯ ಯಾರು ಕಟ್ಟಬೇಕು ಅಂತ ತೋರಿಸುವ ದಾಖಲೆ ಅದು. ನಿಮ್ಮ ಇರಿನ್‌ಗೂ ವರ್ಷಾ ವರ್ಷಾ ಶುಲ್ಕ ಕಟ್ಟುವುದಿಲ್ಲವೇ? ಸರಿಯಾಗಿಯೇ ಹೊಂದುತ್ತದೆ.

ಶಿವಮೊಗ್ಗದಿಂದ:

ಖಾತೆ, ಮಂಜೂರು ಯಾವುದೂ ಬೇಡ. ಮಂಜೂರು ಅರಬ್ಬಿ. ನಜರು ಅನ್ನುತ್ತೇವಲ್ಲ, ಅದೇ ಬೇರು. ದೊಡ್ಡವರ ನಜರಿಗೆ ಬಿದ್ದದ್ದು ಮಂಜೂರು. ಕನ್ನಡದ ಕೈಪಿಡಿಗೆ ದರ್ಬಾರಿನ ಪದ ಯಾಕೆ?

ತುಮಕೂರಿನಿಂದ:

ಸ್ವಾಮಿ, ಜಮೀನು, ಜಮಾಬಂದಿ, ತಹಶೀಲ್ದಾರ, ಎಲ್ಲ ತೆಗೆದರೆ ನಮ್ಮ ಕಚೇರಿಯಲ್ಲಿ ಉಳಿಯುವುದು ಒಂದು ಕುರ್ಚಿ. ಅದೂ ಅರಬ್ಬಿಯೇ.

ಮೈಸೂರಿನಿಂದ:

ಪದದ ಜಾತಕ ನೋಡಿ ಮನೆಗೆ ಸೇರಿಸುವ ಈ ಚಾಳಿ ಬಿಡಿ. ಹೆಣ್ಣು ಕೊಡುತ್ತಿಲ್ಲ ನಾವು. ಓದುವವರಿಗೆ ತಿಳಿದರೆ ಆಯಿತು.

ಶಿವಮೊಗ್ಗದಿಂದ:

ತಿಳಿದರೆ ಆಯಿತು ಅನ್ನುವವರಿಂದಲೇ ಹೀಗಾಗಿದೆ. ಮೊದಲು ‘ಅಂತರ್ಜಾಲ’ ಅನ್ನುವುದನ್ನು ನಿಲ್ಲಿಸಿ. ಅಂತರ್ ಅಂದರೆ ಒಳಗೆ. ಅಂತರ್ಜಲ ನೆಲದ ಒಳಗಿನ ನೀರು. ನಿಮ್ಮ ಬಲೆಯೂ ನೆಲದ ಒಳಗಿದೆಯೇ? ಜಾಲ ಬೇಕೇ ಬೇಕು ಅಂದರೆ ‘ಅಂತರಜಾಲ’ ಅನ್ನಿ.

ಮೈಸೂರಿನಿಂದ:

ಅಂತಾರಾಷ್ಟ್ರೀಯ ಬಿಡಿಸಿ ಬರೆಯಿರಿ. ಅಂತರ್ + ರಾಷ್ಟ್ರೀಯ. ಅದು ರಾಷ್ಟ್ರದ ಒಳಗಿನದೇ? ಅಂತರ್ ಅನ್ನುವುದಕ್ಕೆ ನಡುವೆ ಅನ್ನುವ ಅರ್ಥವೂ ಇದೆ. ಸಂಸ್ಕೃತ ಬೇಡ ಅನ್ನುವವರು ಸಂಸ್ಕೃತದ ತಪ್ಪು ಹುಡುಕಲು ಬರಬಾರದು.

ಮಂಗಳೂರಿನಿಂದ:

ನೆಲದ ಒಳಗೂ ಇದೆ, ಸಮುದ್ರದ ಒಳಗೂ ಇದೆ. ಕೇಬಲ್ ಎಳೆಯುವುದು ಅಲ್ಲೇ ಅಲ್ವಾ?

ಅನುವಾದಕಿ:

ಮೇಲಿನಿಂದ ಬಂದದ್ದಕ್ಕೆ ‘ಹಂಚಿಕೆ’, ಗ್ರಾಹಕರಿಗೆ ಕೊಟ್ಟದ್ದಕ್ಕೆ ‘ನಿಗದಿ’, ಪೂಲ್‌ಗೆ ‘ಕಣಜ’ ಅಂತ ಮಾಡಿದೆ. ನ್ಯಾಯಬೆಲೆ ಅಂಗಡಿಯನ್ನು ಅಡಿಟಿಪ್ಪಣಿಗೆ ಹಾಕಿದ್ದೇನೆ. ಕರಡು ನೋಡಿದವರು ಈ ಸಲ ಕೆಂಪು ಪೆನ್ನು ತೆಗೆಯಲಿಲ್ಲ. ಜಗಳ ಓದಿ ಮುಖಪುಟಕ್ಕೆ ‘ಇಂಟರ್ನೆಟ್’ ಅಂತಲೇ ಬರೆದು ಕಳಿಸಿಬಿಟ್ಟೆ.

ಶಿವಮೊಗ್ಗದಿಂದ:

ಅರ್ಕಾವೊತ್ತು ಹಾಕಿದಿರಾ, ಇಲ್ಲ ‘ಇಂಟರ್‌ನೆಟ್’ ಅಂತ ಬಿಡಿಸಿದಿರಾ?