ತಾರ್ಕೋವ್‌ಸ್ಕಿ ‘ದೇಶಭ್ರಷ್ಟ’ರೇ? ಪದ ಬಲ್ಲವರಲ್ಲೊಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಚಿತ್ರಪ್ರದರ್ಶನವೊಂದಕ್ಕೆ ರಷ್ಯಾದ ಚಿತ್ರನಿರ್ದೇಶಕ ಆಂದ್ರೆ ತಾರ್ಕೋವ್‌ಸ್ಕಿ ಅವರ ಬಗ್ಗೆ ಎರಡು ಪುಟದ ಪರಿಚಯ ಬರೆಯಲು ಕುಳಿತವನು ‘ಎಕ್ಸೈಲ್’ (ತಾಯ್ನಾಡಿನಿಂದ ದೂರವಾಗಿ ಬಾಳುವುದು, ಹಾಗೆ ಬಾಳುವವರು) ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಸಿಗದೆ ಮೂರು ದಿನದಿಂದ ನಿಂತಿದ್ದೇನೆ.

ಥಟ್ಟನೆ ಹೊಳೆಯುವುದು ‘ಗಡೀಪಾರು’. ಆದರೆ ಅವರನ್ನು ಯಾರೂ ಗಡಿ ದಾಟಿಸಲಿಲ್ಲ. 1982ರಲ್ಲಿ ‘ನಸ್ತಾಲ್ಗಿಯಾ’ ಚಿತ್ರೀಕರಣಕ್ಕೆಂದು ಸೋವಿಯತ್ ಸರ್ಕಾರದ ಅನುಮತಿ ಪಡೆದೇ ಇಟಲಿಗೆ ಹೋದರು. ಎಳೆಯ ಮಗ ಸೋವಿಯತ್ ನಾಡಿನಲ್ಲೇ ಉಳಿಯಬೇಕಾಯಿತು. 1984ರ ಜುಲೈನಲ್ಲಿ ಮಿಲಾನ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು, ಹಿಂದಿರುಗುವುದಿಲ್ಲ ಎಂದು ತಾವೇ ಸಾರಿದರು. ಅದೂ ಅಲ್ಲದೆ, ನಮ್ಮ ಪತ್ರಿಕೆಗಳಲ್ಲಿ ಗಡೀಪಾರಾಗುವವರು ರೌಡಿಗಳು, ಅದೂ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ. ‘ಆಂದ್ರೆ ರುಬ್ಲ್ಯೋವ್’ನಂಥ ಚಿತ್ರ ಮಾಡಿದವರ ಹೆಸರಿನ ಪಕ್ಕ ಆ ಪದವನ್ನಿಡಲು ಕೈ ಏಳುವುದಿಲ್ಲ.

‘ದೇಶಭ್ರಷ್ಟ’ ಎಂದರೆ ಅರ್ಥದಲ್ಲಿ ತಪ್ಪಿಲ್ಲ; ರಾಜ್ಯಭ್ರಷ್ಟ, ಪದಭ್ರಷ್ಟಗಳ ಜಾತಿಯದು, ಜಾರಿದವನು, ಕಳೆದುಕೊಂಡವನು ಎಂಬ ಅರ್ಥ. ಆದರೆ ‘ಭ್ರಷ್ಟಾಚಾರ’ ಈ ಪದವನ್ನು ನುಂಗಿ ಕುಳಿತಿದೆ. ಕರಡು ಓದಿದ ಗೆಳೆಯರೊಬ್ಬರು, “ಏನು, ಲಂಚ ತೆಗೆದುಕೊಂಡಿದ್ದರೇ?” ಎಂದು ಕೇಳಿದರು. ‘ವನವಾಸ’ಕ್ಕೆ ಹದಿನಾಲ್ಕು ವರ್ಷವೆಂಬ ಲೆಕ್ಕವುಂಟು, ಕೊನೆಯಲ್ಲಿ ಪಟ್ಟಾಭಿಷೇಕವೂ ಉಂಟು. ಇವರಿಗೆ ಎರಡೂ ಇರಲಿಲ್ಲ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದಲ್ಲಿ ಕೊನೆಯ ಚಿತ್ರವನ್ನು ಸ್ವೀಡಿಷ್ ಭಾಷೆಯಲ್ಲಿ ತೆಗೆದರು. ಕ್ಯಾನ್ಸರ್ ಎಂದು ಗೊತ್ತಾದ ಮೇಲಷ್ಟೇ, 1986ರಲ್ಲಿ, ಮಗನನ್ನು ಹೊರಬಿಟ್ಟರು. ಅದೇ ವರ್ಷ ಡಿಸೆಂಬರ್ 29ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು.

‘ವಲಸೆ’ ಹೊಟ್ಟೆಪಾಡಿನ ಮಾತು. ‘ಪರದೇಶಿ’ ಎಂದರೆ ನಮ್ಮಲ್ಲಿ ದಿಕ್ಕಿಲ್ಲದವನು. ಕರುಣೆಯೇನೋ ಇದೆ, ಆದರೆ ತುಸು ಹೆಚ್ಚೇ ಇದೆ.

ಇನ್ನು ‘ನಸ್ತಾಲ್ಗಿಯಾ’ ಚಿತ್ರದ ಹೆಸರು. ಅದನ್ನು ‘ಹಳಹಳಿಕೆ’ ಎಂದು ಅನುವಾದಿಸಿದ್ದೆ, ಈಗ ಹೊಡೆದುಹಾಕಿದ್ದೇನೆ. ನಾವು ಹಳಹಳಿಸುವುದು ಕಳೆದ ಕಾಲಕ್ಕೆ. ರಷ್ಯನ್ನರು ಆ ಪದದಿಂದ ಮುಖ್ಯವಾಗಿ ಹೇಳುವುದು ತಾಯ್ನಾಡಿನ ಸಂಕಟವನ್ನು. ಚಿತ್ರದ ನಾಯಕನಾದ ಕವಿ ಇಟಲಿಗೆ ಬರುವುದು 18ನೇ ಶತಮಾನದ ಒಬ್ಬ ರಷ್ಯನ್ ಸಂಗೀತಗಾರನ ಜಾಡು ಹಿಡಿದು. ಆ ಸಂಗೀತಗಾರ ಇಟಲಿಯಲ್ಲಿ ಹೆಸರು ಮಾಡಿಯೂ, ಮರಳಿದರೆ ಜೀತವೇ ಗತಿಯೆಂದು ತಿಳಿದೂ ರಷ್ಯಾಕ್ಕೆ ಮರಳಿ, ಅಲ್ಲಿ ಪ್ರಾಣ ಕಳೆದುಕೊಂಡವನು. ಇದಕ್ಕೆ ‘ಊರಿನ ಹಂಬಲ’ ಎಂದರೆ ಹಬ್ಬದ ರಜೆಗೆ ಬಸ್ ಸಿಗದವನ ಬೇಸರದಂತೆ ಕೇಳುತ್ತದೆ.

ಸದ್ಯಕ್ಕೆ ‘ನಾಡಿಗೆ ಎರವಾದವರು’ ಎಂದು ಬರೆದುಕೊಂಡಿದ್ದೇನೆ. ತಾವಾಗಿ ಬಿಟ್ಟರೋ, ಬಿಡಬೇಕಾಯಿತೋ ಎಂಬುದನ್ನು ‘ಎರವಾಗು’ ಬಿಡಿಸಿ ಹೇಳುವುದಿಲ್ಲ. ಅವರ ವಿಷಯದಲ್ಲಿ ಅದೇ ಸರಿ ಅನ್ನಿಸುತ್ತದೆ. ತೊಡಕೆಂದರೆ, ನನಗೆ ಒಂದು ನಾಮಪದವೂ ಬೇಕು, ‘ಎಕ್ಸೈಲ್‌ನ ವರ್ಷಗಳು’ ಎನ್ನುವ ಕಡೆಗೆ. ‘ಎರವಿನ ವರ್ಷಗಳು’ ಎಂದರೆ ಯಾರಿಂದಲೋ ಸಾಲ ತಂದ ವರ್ಷಗಳಾಗುತ್ತವೆ. ಹಳಗನ್ನಡದಲ್ಲೋ ನಿಮ್ಮ ಸೀಮೆಯ ಮಾತಿನಲ್ಲೋ ಇದಕ್ಕೆ ಬೇರೆ ಪದ ಇದೆಯೇ?